ಹುಲ್ಲು ತುಂಬಿದ ಕರು

ಮಗನ ಬಾಡಿಗೆ ಮನೆಗೆ ಹಿತ್ತಲಿದೆ ಎನ್ನುವುದೇ ಉಚ್ಚೆಂಗೆಮ್ಮನಿಗೆ ದೊಡ್ಡ ಸೋಜಿಗವಾಗಿತ್ತು. ಅರವತ್ತು ದಾಟಿದ ಹೆಂಗಸು, ಹಿತ್ತಲ ಕಟ್ಟೆಯ ಮೇಲೆ ಕೂತು ಬೆಳಗಿನ ಬಿಸಿಲು ಕಾಸಿಕೊಳ್ಳುವುದನ್ನು ಈ ವಯಸ್ಸಿನಲ್ಲಿ ಕಲಿತಳು. ಒಂದು ನುಗ್ಗೆ ಮರ, ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಬಾಳೆ, ಗೋಡೆಗೆ ಹಬ್ಬಿದ ತೊಂಡೆ ಬಳ್ಳಿ. ನುಗ್ಗೆ ಹೂವಿಗೆ ಬರುವ ಹೆಬ್ಬೆರಳಿನಷ್ಟು ಸಣ್ಣ ಹಕ್ಕಿಗೆ ಏನೆನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಅದು ಒಂದೊಂದೇ ಹೂವಿಗೆ ಕೊಕ್ಕು ಹಾಕಿ ಹೋಗುವುದನ್ನು ನೋಡುತ್ತ ಮಗನ ಕೂಸಿನ ಬಟ್ಟೆ ಒಗೆಯುತ್ತಿದ್ದಳು.

ಕುರುಗೋಡಿನ ಅವಳ ಕೇರಿಯಲ್ಲಿ ಯಾವ ಮನೆಗೂ ಹಿತ್ತಲಿರಲಿಲ್ಲ. ಇರಲು ಜಾಗವೆಲ್ಲಿ? ಊರು ತನ್ನ ಕಸವನ್ನು, ತನ್ನ ಸತ್ತ ದನವನ್ನು ತಂದು ಒಗೆಯುತ್ತಿದ್ದುದೇ ಕೇರಿಯ ಬೆನ್ನಿಗೆ. ಇಡೀ ಕೇರಿಯೇ ಊರಿನ ಹಿತ್ತಲಾಗಿತ್ತು. ಅವಳ ಗಂಡ ದುರುಗಪ್ಪ ಬದುಕಿದ್ದಷ್ಟು ದಿನ ಸುತ್ತಲಿನ ಬಾವಿಗಳಿಗೆ ನೀರೆತ್ತುವ ತೊಗಲು ಚೀಲ ಹೊಲಿದುಕೊಟ್ಟ. ಅವನು ಹೊಲಿದ ಚೀಲದಲ್ಲಿ ಬಂದ ನೀರು ಊರಿಗೆಲ್ಲ ನಡೆಯುತ್ತಿತ್ತು. ಅವನು ಆ ಬಾವಿಯ ಮೆಟ್ಟಿಲು ಇಳಿದರೆ ನಡೆಯುತ್ತಿರಲಿಲ್ಲ. ತೊಗಲು ಬಿಡಿಸುವುದು, ಹದ ಮಾಡುವುದು, ಹೊಲಿಯುವುದು ಎಲ್ಲದರಲ್ಲೂ ಉಚ್ಚೆಂಗೆಮ್ಮ ಅವನಿಗೆ ಜೊತೆಗೈ. ಹೊಲಿಗೆಯಲ್ಲಂತೂ ಗಂಡನಿಗಿಂತ ಒಂದು ಕೈ ಮೇಲು.

ಆ ಕೈಯನ್ನೇ ಬಳ್ಳಾರಿಯಲ್ಲಿ ಬಚ್ಚಿಟ್ಟುಕೊಳ್ಳಬೇಕಾಗಿ ಬಂದದ್ದು. ಮಗ ಓಬಳೇಶ ಓದಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಎಮರ್ಜೆನ್ಸಿ ಮುಗಿದ ಮರುವರ್ಷ ಅವನಿಗೆ ಬಳ್ಳಾರಿಗೆ ವರ್ಗವಾಯಿತು. ಏಳು ಮನೆ ಕೇಳಿದ. ಏಳೂ ಕಡೆ ಕುಲ ಕೇಳಿದರು, ನಿಜ ಹೇಳಿದ, ಬಾಗಿಲು ಮುಚ್ಚಿತು. ಎಂಟನೆಯದು ಸತ್ಯನಾರಾಯಣಪೇಟೆಯ ಕೊಟ್ಟೂರಪ್ಪನ ಮನೆಯ ಮಗ್ಗುಲಿನ ಎರಡು ಕೋಣೆ. ಅಲ್ಲಿ ಓಬಳೇಶ "ಕುರುಗೋಡಿನ ಕಡೆಯವರ್ರಿ, ಒಕ್ಕಲುತನ" ಎಂದಷ್ಟೇ ಹೇಳಿದ. ಬಾಗಿಲು ತೆರೆಯಿತು.

ಸೊಸೆ ಗಂಗಕ್ಕನ ಬಾಣಂತನಕ್ಕೆಂದು ಉಚ್ಚೆಂಗೆಮ್ಮ ಬಂದಿಳಿದ ದಿನವೇ ಮಗ ಕೂರಿಸಿಕೊಂಡು ಹೇಳಿದ್ದ: "ಅವ್ವ, ಇಲ್ಲಿ ಬಾಡು ಬೇಸಂಗಿಲ್ಲ. ಕೇರಿ ಸುದ್ದಿ ತೆಗಿಯಂಗಿಲ್ಲ. ಯಾರರ ಕೇಳಿದ್ರ ಹೊಲ ಐತಿ ಅನ್ನು. ಈ ಮನಿ ಹೋತಂದ್ರ ಹಸಿಬಾಣಂತಿನ್ನ ಕಟ್ಕೊಂಡು ನಾನು ಎಲ್ಲಿ ಹೋಗ್ಲಿ?"

"ಎಷ್ಟು ಎಕರೆ ಅನ್ಲಿ?" ಎಂದು ಉಚ್ಚೆಂಗೆಮ್ಮ ಕೇಳಿದಳು.

ಮಗ ನಗಲಿಲ್ಲ. ಬಾಬಾಸಾಹೇಬರ ಪಟವನ್ನು ಹಳೆಯ ಧೋತರದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದ. ಅದರ ಮೇಲೆ ಕೂಸಿನ ಕುಂಚಿಗೆ, ದುಪ್ಪಟಿ.

ಹಿತ್ತಲಿನ ನಡುವೆ ಎದೆಮಟ್ಟದ ಕಲ್ಲುಗೋಡೆ. ಆಚೆಗೆ ಕೊಟ್ಟೂರಪ್ಪನ ಹಿತ್ತಲು, ಅಲ್ಲಿ ಒಂದು ಕಪಿಲ ಬಣ್ಣದ ಆಕಳು. ಕೊಟ್ಟೂರಪ್ಪನ ಹೆಂಡತಿ ದಾಕ್ಷಾಯಣಮ್ಮನಿಗೂ ಅರವತ್ತರ ಹತ್ತಿರ. ಸೊಂಟ ಹಿಡಿದವಳು, ಮಾತಿನವಳು. ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಹಾಲಿನ ಚೊಂಬು ಕೈಗೇ ಕೊಡುತ್ತಿದ್ದಳು.

"ಉಚ್ಚೆಂಗಕ್ಕ, ಬಾಣಂತಿಗೆ ಕುಡಸು. ನಿನ್ನ ಪಾಲಿಗೆ ಒಂದು ತೊಟ್ಟು ಇಟ್ಕೋಬ್ಯಾಡ ಮತ್ತ, ಹಡದಾಕಿ ನೀನಲ್ಲ."

"ನಾ ಹಡದಿದ್ದಕ್ಕೇ ಅಲ್ರಿ ಅಮ್ಮಾರ, ಇವು ಹಡಿಯಾಕತ್ತಿದ್ದು."

ಇಬ್ಬರೂ ನಗುತ್ತಿದ್ದರು. ದಾಕ್ಷಾಯಣಮ್ಮ ಹಲಕುಂದಿ ಮಠದಿಂದ ವಿಭೂತಿ ತಂದು ಕೂಸಿನ ಹಣೆಗೆ ತಾನೇ ಹಚ್ಚಿದ್ದಳು. ಮಡಿಲಲ್ಲಿ ಹಾಕಿಕೊಂಡು ಮೂಗು ತಿದ್ದಿದ್ದಳು. ಹಾಗೆಲ್ಲ ಆದಾಗ ಉಚ್ಚೆಂಗೆಮ್ಮನಿಗೆ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ಕಳ್ಳತನ ಮಾಡಿ ಉಂಡಂತೆ ಅನ್ನಿಸುತ್ತಿತ್ತು. ನಾವು ಕದ್ದದ್ದಾದರೂ ಏನು ಎಂದು ಕೇಳಿಕೊಳ್ಳುತ್ತಿದ್ದಳು. ಒಬ್ಬ ಮುದುಕಿ ಇನ್ನೊಬ್ಬ ಮುದುಕಿಯ ಕೂಡ ನಗುವುದನ್ನು ಕದಿಯಬೇಕಾಗಿ ಬಂತಲ್ಲ, ಯಾರಪ್ಪನ ಮನೆಯ ಗಂಟು ಇದು?

ಕೂಸಿಗೆ ಇಪ್ಪತ್ತು ದಿನವಾದ ಬೆಳಿಗ್ಗೆ ಆಕಳ ಕರು ಸತ್ತಿತು. ಹುಟ್ಟಿ ತಿಂಗಳೂ ಆಗಿರಲಿಲ್ಲ, ಹೊಟ್ಟೆ ಕೆಟ್ಟು ಎರಡು ದಿನ ನರಳಿ ಹೋಯಿತು. ಅದರ ಮೈ ತಣ್ಣಗಾದಾಗಿನಿಂದ ಆಕಳು ಕೂಗತೊಡಗಿತು. ಮೇವು ಮೂಸಲಿಲ್ಲ. ಹಿಂಡಲು ಹೋದ ದಾಕ್ಷಾಯಣಮ್ಮನನ್ನು ಒದ್ದಿತು. ಕೆಚ್ಚಲು ಬಿಗಿದು ಕಲ್ಲಾಗಿತ್ತು.

ಒಳಗೆ ಮಂಚದ ಮೇಲಿದ್ದ ಗಂಗಕ್ಕ ಎದೆ ಹಿಡಿದುಕೊಂಡು ಎದ್ದು ಕೂತಳು. "ಅತ್ತಿ, ಅದು ಕೂಗಿದಾಗೊಮ್ಮೆ ನನ್ನ ಎದಿ ಝುಮ್ಮಂತೈತಿ. ನಿಂಗ ಗೊತ್ತೈತಲ್ಲ ಅದಕ್ಕೇನು ಮಾಡ್ಬೇಕಂತ."

"ಗೊತ್ತಿಲ್ಲ. ಮಕ್ಕೋ," ಎಂದಳು ಉಚ್ಚೆಂಗೆಮ್ಮ.

ಗೊತ್ತಿತ್ತು. ಸತ್ತ ಕರುವಿನ ತೊಗಲು ಕೆಡದಂತೆ ಬಿಡಿಸಿ, ಒಳಗೆ ಉಪ್ಪು ಬೂದಿ ತಿಕ್ಕಿ, ಹುಲ್ಲು ತುಂಬಿ ಹೊಲಿದು ಆಕಳ ಮುಂದೆ ನಿಲ್ಲಿಸಬೇಕು. ಆಕಳು ಮೂಸಿ, ನೆಕ್ಕಿ, ತನ್ನದೆಂದು ತಿಳಿದು ತೊರೆ ಬಿಟ್ಟು ಹಾಲಿಳಿಸುತ್ತದೆ. ಇಲ್ಲವಾದರೆ ಕೆಚ್ಚಲು ಬಾತು ಆಕಳು ಕೆಡುತ್ತದೆ. ಕುರುಗೋಡಿನ ಗೌಡರ ಹಟ್ಟಿಗಳಿಗೆ ಅವಳು ಮಾಡಿಕೊಟ್ಟ ಕರುಗಳಿಗೆ ಲೆಕ್ಕವಿರಲಿಲ್ಲ. ಹಾಲು ಆ ಮನೆಗಳಿಗೆ, ಕರುವಿನ ಬಾಡು ಕೇರಿಗೆ.

ಸತ್ಯನಾರಾಯಣಪೇಟೆಯಲ್ಲಿ ಈ ಕೆಲಸ ಮಾಡುತ್ತಿದ್ದ ಸುಂಕಣ್ಣ ಭತ್ತದ ಕೊಯ್ಲಿಗೆಂದು ಸಿರುಗುಪ್ಪಕ್ಕೆ ಹೋಗಿ ವಾರವಾಗಿತ್ತು. ಕೊಟ್ಟೂರಪ್ಪ ಸೈಕಲ್ ಹತ್ತಿ ಕಂಟೋನ್ಮೆಂಟ್ ಕಡೆಗೆಲ್ಲ ಸುತ್ತಿ ಮಧ್ಯಾಹ್ನದ ಹೊತ್ತಿಗೆ ಜಡೆಪ್ಪನನ್ನು ಕರೆತಂದ. ಬಂಡಿ ಹೊಡೆಯುವ, ಸತ್ತ ದನ ಹೊರುವ ಆಳು.

"ಮಾಡೀಯೇನಲೇ ಹಿಂದ?" ಎಂದು ಕೊಟ್ಟೂರಪ್ಪ ಕೇಳಿದ.

"ನೋಡೀನ್ರಿ ಸಾವ್ಕಾರ. ನೋಡಿದ್ರ ಮಾಡಿದಂಗಽ."

ಉಚ್ಚೆಂಗೆಮ್ಮ ಗೋಡೆಗೆ ಬೆನ್ನು ಮಾಡಿ ಕೂಸಿನ ಬಟ್ಟೆ ಹಿಂಡುತ್ತಿದ್ದಳು. ನೋಡಬಾರದು ಎಂದುಕೊಂಡಿದ್ದಳು. ಆದರೆ ಜಡೆಪ್ಪ ಕತ್ತಿ ಮಸೆಯುವ ಸದ್ದಿಗೇ ತಿಳಿಯಿತು, ಕತ್ತಿ ಹದವಾಗಿಲ್ಲ. ತಿರುಗಿದಳು. ಅವನು ಕರುವನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಕತ್ತಿ ಇಟ್ಟು ಎಳೆಯುವುದರಲ್ಲಿದ್ದ. ಬೆನ್ನು ಸೀಳಿದರೆ ಮುಗಿಯಿತು. ಆಕಳು ನೆಕ್ಕುವುದೇ ಬೆನ್ನನ್ನು. ಹೊಲಿಗೆ ನಾಲಿಗೆಗೆ ಸಿಕ್ಕರೆ ಅದು ಮೋಸ ಹೋಗುವುದಿಲ್ಲ.

"ಲೇ, ಲೇ! ಬೆನ್ನಿಗೆ ಯಾಕ ಕತ್ತಿ ಇಡ್ತೀಯೋ ಮುಕಳಿಗೇಡಿ! ಅಂಗಾತ ಹಾಕು, ಹೊಟ್ಟಿಯಿಂದ ಬಿಡಸು! ಗೊರಸು ಹಂಗಽ ಇರ್ಬೇಕು, ಕಿವಿ ಕೆಡಬಾರ್ದು!"

ಕೇರಿಯಲ್ಲಿ ಗಂಡನಿಗೆ ಕೇಳುವಂತೆ ಕೂಗಿದ ದನಿ ಅದು. ಹಿತ್ತಲ ಗೋಡೆಗೆ ಬಡಿದು ಅವಳಿಗೇ ವಾಪಸು ಬಂತು. ಜಡೆಪ್ಪನ ಕೈ ನಿಂತಿತು. ಕೊಟ್ಟೂರಪ್ಪ ಅವಳ ಮುಖ ನೋಡಿದ, ಆಮೇಲೆ ಅವಳ ಕೈ ನೋಡಿದ. ಒಳಗೆ ಗಂಗಕ್ಕ "ಅಯ್ಯಯ್ಯೋ ಅತ್ತಿ" ಎಂದದ್ದು ಸಣ್ಣಗೆ ಕೇಳಿಸಿತು.

ಇನ್ನು ಬಾಯಿ ಮುಚ್ಚಿಕೊಂಡರೂ ಅಷ್ಟೇ, ತೆರೆದರೂ ಅಷ್ಟೇ. ಆಕಳು ಮತ್ತೊಮ್ಮೆ ಕೂಗಿತು. ಉಚ್ಚೆಂಗೆಮ್ಮ ಸೆರಗು ಬಿಗಿದು, ಗೋಡೆಯ ಮಗ್ಗುಲಿನ ಕಿಂಡಿ ಬಾಗಿಲು ದಾಟಿ ಆಚೆಗೆ ಹೋದಳು.

"ಕೊಡಿಲ್ಲಿ ಕತ್ತಿ. ದಬ್ಬಣ ಹುರಿ ತಾ. ಅಮ್ಮಾರ, ಹಿಡಿ ಉಪ್ಪು, ಒಂದು ಮೊರ ಬೂದಿ."

ಎರಡು ತಾಸು ಹಿಡಿಯಿತು. ಕಣ್ಣು ಮಂಜಾಗಿದ್ದರೂ ಬೆರಳುಗಳು ದಾರಿ ತಪ್ಪಲಿಲ್ಲ. ಎಲ್ಲಿ ಒತ್ತಬೇಕು, ಎಲ್ಲಿ ಎಳೆಯಬೇಕು ಎಂದು ಅವಕ್ಕೇ ನೆನಪಿತ್ತು. ಹುಲ್ಲು ತುಂಬಿ, ಕಾಲಿಗೆ ಕಡ್ಡಿ ಕೊಟ್ಟು, ಹೊಟ್ಟೆಯ ಕೆಳಗೆ ಒತ್ತೊತ್ತಾಗಿ ಹೊಲಿದಳು. ಬೆನ್ನಿಗೆ ಉಪ್ಪುನೀರು ಸವರಿ ಆಕಳ ಮುಂದೆ ನಿಲ್ಲಿಸಿದಳು. ಆಕಳು ಮೂಗು ಚಾಚಿತು. ಬಹಳ ಹೊತ್ತು ಮೂಸಿತು. ಮೊದಲು ಕಿವಿ ನೆಕ್ಕಿತು, ಆಮೇಲೆ ಬೆನ್ನು. ಅದರ ಹಿಂಗಾಲು ಸಡಿಲಾಯಿತು. ದಾಕ್ಷಾಯಣಮ್ಮ ಕೂತು ಹಿಂಡಿದಳು. ತಂಬಿಗೆಯ ತಳಕ್ಕೆ ಹಾಲು ಬಿದ್ದ ಸದ್ದಿಗೆ ಅವಳ ಕಣ್ಣಲ್ಲಿ ನೀರು ಬಂತು. ಅವಳು ಉಚ್ಚೆಂಗೆಮ್ಮನ ಕಡೆ ನೋಡಲಿಲ್ಲ.

ಕೊಟ್ಟೂರಪ್ಪ ಕೇಳಿದ: "ಎಲ್ಲಿ ಕಲ್ತಿ ಇದನ್ನ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಯಾರೋ ಮಾಡುವುದನ್ನು ನೋಡಿದ್ದೆ ಎಂದರೆ ಸಾಕಿತ್ತು, ಅವನು ನಂಬಿದಂತೆ ಮಾಡಿದರೂ ಮಾಡಬಹುದಿತ್ತು. ಆದರೆ ಒಡೆಯದ ಆ ಹೊಲಿಗೆ ಕಣ್ಣ ಮುಂದಿತ್ತು. ಅದನ್ನು ಇನ್ನೊಬ್ಬರದೆನ್ನಲು ಅವಳಿಗೆ ಮನಸ್ಸು ಬರಲಿಲ್ಲ.

"ಕಲಿಯೋದೇನ್ರಿ ಇದನ್ನ. ನಮ್ಮ ಮನೀ ಕೆಲ್ಸ. ನನ್ನ ಗಂಡಂದು, ನನ್ನ ಮಾವಂದು."

ಜಡೆಪ್ಪ ತಲೆ ತಗ್ಗಿಸಿ ಕತ್ತಿ ಒರೆಸತೊಡಗಿದ. ದಾಕ್ಷಾಯಣಮ್ಮ ಕೊಡದಲ್ಲಿ ನೀರು ತಂದು, ಮಾರುದೂರ ನಿಂತು, ಎತ್ತರದಿಂದ ಹೊಯ್ದಳು. "ಕೈ ತೊಳ್ಕೋ ಯಮ್ಮಾ" ಎಂದಳು. ಅಕ್ಕ ಎನ್ನುವುದು ಆ ನೀರಿನಲ್ಲೇ ಹೋಯಿತು. ವಿಭೂತಿ ಹಚ್ಚಿದ ಬೆರಳು, ಮೂಗು ತಿದ್ದಿದ ಬೆರಳು, ಚೊಂಬು ಕೊಟ್ಟ ಬೆರಳು ಅವು. ಮುಟ್ಟಿದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದಾಳೆ ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು.

ಸಂಜೆ ಓಬಳೇಶ ಕಚೇರಿಯಿಂದ ಬಂದಾಗ ಕೊಟ್ಟೂರಪ್ಪ ಬಾಗಿಲಲ್ಲೇ ನಿಲ್ಲಿಸಿ ಹೇಳಿದ: "ಎಳ್ಳ ಅಮಾಸಿ ಒಳಗ ಮನಿ ಖಾಲಿ ಮಾಡ್ರಿ. ನಾನು ಕೆಟ್ಟವನಲ್ಲಪ್ಪ. ಓಣಿ ಮಂದಿ ಸುಮ್ನಿರಂಗಿಲ್ಲ." ಹೇಳುವವರೆಲ್ಲ ಹಾಗೆಯೇ ಹೇಳುತ್ತಾರೆ, ಓಣಿಯನ್ನು ಮುಂದೆ ಮಾಡಿ ತಾವು ಹಿಂದೆ ನಿಲ್ಲುತ್ತಾರೆ.

ಓಬಳೇಶ ಚಪ್ಪಲಿ ಬಿಡದೆ ತಾಯಿಯ ಮುಂದೆ ಬಂದು ನಿಂತ. "ಒಂದು ಮಾತು ನುಂಗಾಕ ಆಗಲಿಲ್ಲೇನವ್ವ? ಒಂದೇ ಒಂದು? ಇನ್ನೊಂದು ಹದಿನೈದು ದಿನ ತಡದಿದ್ರ ಗಂಗಿ ಎದ್ದು ಅಡ್ಡಾಡ್ತಿದ್ಲು."

"ಅಂವ ಬೆನ್ನು ಸೀಳತಿದ್ದನಪ್ಪ."

"ಸೀಳ್ಲಿ! ಅವರ ಆಕಳು, ಅವರ ಕರು, ನಿಂದೇನ್ ಹೋಗ್ತಿತ್ತು?"

ಮಗ ಹೇಳುವುದು ಸುಳ್ಳಲ್ಲ. ಉಚ್ಚೆಂಗೆಮ್ಮ ತೊಟ್ಟಿಲ ಕಡೆ ನೋಡಿದಳು, ಸೊಸೆಯ ಬಿಳುಪೇರಿದ ಮುಖ ನೋಡಿದಳು. ತಪ್ಪು ಮಾಡಿದೆನೆಂದು ಅನ್ನಿಸಿತು. ಆದರೂ ಅದು ನಾಚಿಕೆಯ ತಪ್ಪೆನಿಸಲಿಲ್ಲ. ಎರಡೂ ಕೈ ಮುಂದೆ ಚಾಚಿ ಹೇಳಿದಳು: "ನಿನ್ನ ಸಾಲಿಗೆ ಕಳಿಸಿದ್ದು ಈ ಕೈಲೆ ಹೊಲಿದು, ಓಬ. ಇವನ್ನ ಎಲ್ಲಿ ಅಂತ ಇಟ್ಕೊಳ್ಲಿ ನಾನು?"

ಓಬಳೇಶ ಚಪ್ಪಲಿ ಬಿಟ್ಟು ಒಳಗೆ ಹೋದ. ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಬೆಳಗಾಯಿತು. ಆಚೆ ಆಕಳು ಮತ್ತೆ ಕೂಗುತ್ತಿತ್ತು. ಹುಲ್ಲು ತುಂಬಿದ ಕರುವನ್ನು ದಿನಕ್ಕೆರಡು ಹೊತ್ತು ಮುಂದೆ ತಂದು ನಿಲ್ಲಿಸಬೇಕು, ಹಿಂಡಿದ ಮೇಲೆ ಮಳೆ ಇಬ್ಬನಿ ತಾಗದಂತೆ ಎತ್ತಿಡಬೇಕು. ರಾತ್ರಿ ಅದನ್ನು ಯಾರೂ ಎತ್ತಿರಲಿಲ್ಲ, ಜಡೆಪ್ಪ ಸರಿಸಿ ಹೋದಂತೆ ಗೋಡೆಯ ಬುಡದಲ್ಲೇ ಬಿದ್ದಿತ್ತು. ಜಡೆಪ್ಪ ಹೋಗಿ ಆಗಿತ್ತು. ಆ ಮನೆಯಲ್ಲಿ ಅದನ್ನು ಮುಟ್ಟುವವರು ಒಬ್ಬರೂ ಇರಲಿಲ್ಲ.

ದಾಕ್ಷಾಯಣಮ್ಮ ಗೋಡೆಗೆ ಬಂದಳು. "ಯಮ್ಮಾ, ಒಂದಿಷ್ಟು ಬಂದು ಅದನ್ನ ಇಟ್ಟುಕೊಟ್ಟು ಹೋಗು. ನೀವು ಇರೋತನಕ ದಿನಾ ಬಾ. ಬಾಣಂತಿಗೆ ಹಾಲು ಕೊಡ್ತೀನಿ, ಬಿಡಂಗಿಲ್ಲ. ಚೊಂಬು ಅಲ್ಲಿ ಕಲ್ಲ ಮ್ಯಾಲ ಇಟ್ಟಿರು, ಹೊಯ್ತೀನಿ."

ಉಚ್ಚೆಂಗೆಮ್ಮನಿಗೆ ಗಂಗಕ್ಕನ ನೆನಪಾಯಿತು, ಹಾಲಿನ ನೆನಪಾಯಿತು. ಹೂಂ ಎಂದುಬಿಡುವುದು ಸುಲಭವಿತ್ತು. ಕಾಲು ಒಂದು ಹೆಜ್ಜೆ ಮುಂದಿಟ್ಟಿತ್ತು ಕೂಡ. ಹಾಗೆಯೇ ನಿಂತಳು.

"ನೀವಽ ಎತ್ತಿಡ್ರಿ ಅಮ್ಮಾರ."

"ನಾನಾ?"

"ನಿಮ್ಮ ಆಕಳಿನ ಕರು ಅದು. ನಿನ್ನೆ ಮುಂಜಾನಿತನಕ ತೊಡಿ ಮ್ಯಾಲ ಹಾಕ್ಕೊಂಡು ಔಷಧ ಕುಡಿಸಿದ್ರಿ. ಒಳಗ ಹುಲ್ಲು ಐತಿ, ಹೊರಗ ಅದರ ತೊಗಲು ಐತಿ. ನಡಕ ನನ್ನ ಹೊಲಿಗಿ ಐತಿ, ಅಷ್ಟಽ. ಅದು ನಿಮಗ ಚುಚ್ಚಂಗಿಲ್ಲ."

"ನನ್ನ ಗಂಡ ನೋಡಿದ್ರ..."

"ಅಂವಗ ಹಾಲು ಬೇಕಿಲ್ಲೇನು?"

ದಾಕ್ಷಾಯಣಮ್ಮ ಮನೆಯ ಬಾಗಿಲ ಕಡೆ ನೋಡಿದಳು. ಆಕಳು ಹಗ್ಗ ಜಗ್ಗಿ ಕೂಗಿತು, ಕೆಚ್ಚಲಿನಿಂದ ತಾನಾಗಿಯೇ ಹನಿ ಜಿನುಗುತ್ತಿತ್ತು. ಅವಳು ಬಗ್ಗಿದಳು. ಸೊಂಟ ಹಿಡಿದು ಒಮ್ಮೆ ನಿಂತಳು, ಮತ್ತೆ ಬಗ್ಗಿದಳು. ಎರಡು ಕೈ ಕೆಳಗೆ ಹಾಕಿ, ಹೊಟ್ಟೆಯ ಹೊಲಿಗೆಗೆ ಬೆರಳು ತಾಗುವಂತೆ ಹಿಡಿದು ಅದನ್ನು ಎತ್ತಿಕೊಂಡಳು. ಕರು ಹಗುರವಾಗಿತ್ತು. ಅಷ್ಟು ಹಗುರವೆಂದು ಅವಳಿಗೆ ತಿಳಿದಿರಲಿಲ್ಲವೆಂದು ಕಾಣುತ್ತದೆ, ಎದೆಗೆ ಬಂದು ಬಡಿಯಿತು. ಆಕಳ ಮುಂದೆ ನಿಲ್ಲಿಸಿದಳು. ಆಕಳು ಸುಮ್ಮನಾಯಿತು.

ಆಮೇಲೆ ಅವಳು ಎರಡೂ ಕೈ ಮೈಯಿಂದ ದೂರ ಚಾಚಿ ನಿಂತಳು. ಎಲ್ಲಿ ಒರೆಸಿಕೊಳ್ಳಬೇಕೋ ತಿಳಿಯದವಳಂತೆ, ಒರೆಸಿಕೊಳ್ಳಬೇಕೋ ಬೇಡವೋ ತಿಳಿಯದವಳಂತೆ.

ಉಚ್ಚೆಂಗೆಮ್ಮ ನೀರು ಹೊಯ್ಯಲು ಹೋಗಲಿಲ್ಲ. ಒಳಗೆ ಹಂಡೆಯಲ್ಲಿ ನೀರು ಕಾದಿತ್ತು, ಕೂಸಿಗೆ ಎರೆಯುವ ಹೊತ್ತಾಗಿತ್ತು. ಮಗ ಕೆಲಸಕ್ಕೆ ರಜೆ ಚೀಟಿ ಬರೆದಿಟ್ಟು, ಒಂಬತ್ತನೆಯ ಮನೆ ಹುಡುಕಲು ಅಂಗಿ ತೊಡುತ್ತಿದ್ದ.

"ಓಬ," ಎಂದಳು. "ಈ ಸಲ ಮೊದಲಽ ಹೇಳಿಬಿಡು."