ಗುರುವಾರದ ಕಸ

ಮೂವತ್ತನಾಲ್ಕು ವರ್ಷ ನಾನು ಕುಣಿಗಲ್ಲಿನ ಕಾಲೇಜೊಂದರ ಆಫೀಸು ನಡೆಸಿದವನು. ಯಾವ ಫೈಲು ಯಾವ ಬೀರುವಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ವೆಂಕಟೇಶಯ್ಯ ಎಂದರೆ ಶಿಸ್ತು ಎಂದು ಪ್ರಿನ್ಸಿಪಾಲರೇ ಹೇಳುತ್ತಿದ್ದರು. ಆದರೆ ತುಮಕೂರಿನ ಬಟವಾಡಿಯ ನನ್ನ ಸ್ವಂತ ಮನೆಯಲ್ಲಿ ಫಿನಾಯಿಲ್ ಎಲ್ಲಿಡುತ್ತಾರೆ ಎಂದು ಅರವತ್ತೇಳನೇ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿ ಸಂಜೆ ಏಳಕ್ಕೆ ಇಳಿಯುವವನಿಗೆ ಮನೆ ತಾನಾಗಿಯೇ ಚೊಕ್ಕಟವಾಗಿರುತ್ತದೆ ಅನ್ನುವ ನಂಬಿಕೆ ಬಂದುಬಿಡುತ್ತದೆ. ನಿವೃತ್ತಿಯಾದ ಮೇಲೂ ಆ ನಂಬಿಕೆಯನ್ನು ನಾನು ಕೆಡಿಸಿಕೊಳ್ಳಲಿಲ್ಲ.

ಕೆಡಿಸಿದ್ದು ನನ್ನ ಹೆಂಡತಿ ಅಲಮೇಲುವಿನ ಮಂಡಿ. ಎರಡು ವರ್ಷದಿಂದ ಅವಳು ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದಳು. ಬೆಂಗಳೂರಿನ ಡಾಕ್ಟರು ಆಪರೇಷನ್ನಿಗೆ ಮೂರು ಸಲ ದಿನ ಕೊಟ್ಟರು, ಮೂರು ಸಲವೂ ಇವಳು ಮುಂದೂಡಿದಳು. ಪ್ರತಿ ಸಲ ಒಂದೇ ನೆಪ, ಮನೆ ನೋಡಿಕೊಳ್ಳುವವರು ಯಾರು. ಹೆಬ್ಬೂರಿನಿಂದ ಬರುವ ಸಿದ್ದಲಕ್ಷ್ಮಮ್ಮ ಪಾತ್ರೆ ತೊಳೆದು ಅಂಗಳ ಗುಡಿಸಿ ಹೋಗುತ್ತಾಳೆ. ಒಳಗಿನ ಕಸ, ನೆಲ, ಬಚ್ಚಲು ಇವಳದೇ, ಇನ್ನೊಬ್ಬರ ಕೈಗೆ ಬಿಟ್ಟವಳಲ್ಲ. ಮಗಳು ಶ್ರೀರಂಜನಿ ನಮ್ಮ ಮಹಡಿ ಮನೆಯಲ್ಲೇ ಇದ್ದಾಳೆ, ಆದರೆ ಗುಬ್ಬಿಯಲ್ಲಿ ಪಾಠ ಮಾಡಿ ಬರುವಷ್ಟರಲ್ಲಿ ಅವಳೂ ಸುಸ್ತು. ನಾಲ್ಕನೆಯ ಸಲ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ತಡ ಮಾಡಿದರೆ ಇವರು ನೆಟ್ಟಗೆ ನಡೆಯುವುದು ಕಷ್ಟ, ಇದೇ ಕೊನೆ ಅಂದರು.

"ಮನೆ ನಾನ್ ನೋಡ್ಕೋತೀನಿ ಕಣೇ," ಅಂದೆ, ವಾಪಸ್ಸು ಬರುವಾಗ ಕಾರಿನಲ್ಲೇ.

ಅವಳು ಕಿಟಕಿ ಕಡೆ ತಿರುಗಿ ನಕ್ಕಳು. "ನೀವು ಪೊರಕೆ ಹಿಡ್ಯೋದು ನೋಡೋಕಾದ್ರೂ ನಾನು ಬದುಕಿರ್ಬೇಕು."

ಆಮೇಲೆ ಷರತ್ತು ಹಾಕಿದಳು. ಒಂದು ವಾರ ಅವಳ ಕಣ್ಣೆದುರಿಗೇ ನಾನು ಮನೆ ನಡೆಸಬೇಕು. ಅವಳು ಒಂದು ಬಟ್ಟೆ ಕೂಡ ಮುಟ್ಟುವುದಿಲ್ಲ. ನಡೆದರೆ ಮುಂದಿನ ಗುರುವಾರ ಆಸ್ಪತ್ರೆಗೆ ಹೊರಡುತ್ತಾಳೆ. ನಡೆಯದಿದ್ದರೆ ಆಪರೇಷನ್ ಮಾತನ್ನು ಮತ್ತೆ ಎತ್ತಬಾರದು. ನಾನು ಆಗಲಿ ಅಂದೆ. ಇಡೀ ಕಾಲೇಜು ನಡೆಸಿದವನಿಗೆ ನಾಲ್ಕು ಕೋಣೆ ಯಾವ ಲೆಕ್ಕ ಅನ್ನುವ ಕೊಬ್ಬು ಬೇರೆ ಇತ್ತು.

ಮೊದಲ ದಿನ ಸಾಮಾನೆಲ್ಲ ಹೊರಗೆ ತೆಗೆದೆ. ಮೆಟ್ಟಿಲ ಕೆಳಗೆ, ಬಚ್ಚಲ ಅಟ್ಟದಲ್ಲಿ, ಗ್ಯಾಸ್ ಸಿಲಿಂಡರಿನ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ, ಎಲ್ಲೆಲ್ಲಿಂದಲೋ ಬಂತು. ಪೊರಕೆಯೇ ಐದು. ಅಂಗಳಕ್ಕೆ ತೆಂಗಿನ ಕಡ್ಡಿಯದು, ಒಳಗೆ ಹುಲ್ಲಿನದು, ಬಚ್ಚಲಿಗೆ ಮೊಂಡಾದದ್ದು, ದೇವರ ಮನೆಗೆ ಗೇಣುದ್ದದ್ದು. ಐದನೆಯದು ಯಾಕೆ ಎಂದು ಕೇಳಿದರೆ, ಅದು ಹೊಸದು, ಹೊಟ್ಟು ಉದುರುವುದು ನಿಲ್ಲುವವರೆಗೆ ಒಳಗೆ ತರುವ ಹಾಗಿಲ್ಲ ಅಂದಳು. ಒರೆಸುವ ಬಟ್ಟೆ ಹನ್ನೊಂದು, ಎಲ್ಲ ಅವಳ ಹಳೆಯ ಸೀರೆಯ ತುಂಡುಗಳು. ಹುಣಸೆಹಣ್ಣಿನ ಡಬ್ಬಿ, ಸೀಗೆಪುಡಿ, ತೆಂಗಿನ ನಾರು, ಬ್ಲೀಚಿಂಗ್ ಪೌಡರ್, ಆಸಿಡ್, ಜೇಡರ ಬಲೆ ಹೊಡೆಯುವ ಉದ್ದನೆಯ ಕೋಲು.

ನಾನು ಸ್ಟೀಲಿನ ರ್‍ಯಾಕ್ ಒಂದನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದೆ. ಆಫೀಸಿನ ಪದ್ಧತಿಯಲ್ಲೇ ಜೋಡಿಸಿದೆ. ಪೊರಕೆಯೆಲ್ಲ ಒಂದು ಕಡೆ, ಬಟ್ಟೆಯೆಲ್ಲ ಒಂದು ಟಬ್ಬಿನಲ್ಲಿ, ಬ್ರಷ್ಷೆಲ್ಲ ಇನ್ನೊಂದರಲ್ಲಿ, ಬಾಟಲಿಗಳಿಗೆ ಚೀಟಿ. ದೂರ ನಿಂತು ನೋಡಿದೆ, ಹೆಮ್ಮೆಯಾಯಿತು. ಅಲಮೇಲುವನ್ನು ಕೈಹಿಡಿದು ಕರೆತಂದು ತೋರಿಸಿದೆ. ಅವಳು ಬಟ್ಟೆಯ ಟಬ್ಬಿನೊಳಗೆ ಇಣುಕಿದಳು.

"ದೇವರ ಮನೆ ಬಟ್ಟೇನೂ ಬಚ್ಚಲು ಬಟ್ಟೇನೂ ಒಂದೇ ಟಬ್ಬಲ್ಲಿ ಹಾಕಿದೀರಾ?"

"ಎರಡೂ ಬಟ್ಟೇನೇ ತಾನೆ?"

"ನಿಮ್ದು ಸಾಮಾನಿನ ಲೆಕ್ಕ. ಮನೆ ನಡೆಯೋದು ಜಾಗದ ಲೆಕ್ಕದಲ್ಲಿ ರೀ. ದೇವರ ಮನೇದು ದೇವರ ಮನೇಲಿ, ಅಡುಗೆ ಮನೇದು ಅಡುಗೆ ಮನೇಲಿ. ಬಚ್ಚಲಿಂದು ಬಚ್ಚಲು ದಾಟಿ ಈಚೆ ಬರೋ ಹಾಗೇ ಇಲ್ಲ. ಮೊದ್ಲು ನೀವು ಸ್ನಾನ ಮಾಡಿ ಬನ್ನಿ."

ಹನ್ನೊಂದು ಬಟ್ಟೆಯೂ ದೇವರ ಮನೆಗೆ ನಾಲಾಯಕ್ಕಾದವು. ಹೊಸ ತುಂಡು ಹರಿಯಬೇಕಾಯಿತು. ಮಧ್ಯಾಹ್ನ ಎರಡಕ್ಕೆ ಎರಡನೇ ಸ್ನಾನ ಮಾಡಿ ರ್‍ಯಾಕ್ ಬರಿದು ಮಾಡಿದೆ. ಮೂರು ಜಾಗಕ್ಕೆ ಮೂರು ಬುಟ್ಟಿ ತಂದೆ. ಆ ರ್‍ಯಾಕಿನಲ್ಲಿ ಈಗ ಹಳೇ ಪೇಪರು ಇವೆ.

ಮಾರನೇ ದಿನದಿಂದ ಅವಳು ಕುರ್ಚಿ ಹಾಕಿಕೊಂಡು ಹಾಲಿನ ನಡುವೆ ಕೂತಳು. ಬಾಯಿ ಬಿಡುವುದಿಲ್ಲ ಅಂದಿದ್ದಳಾದ್ದರಿಂದ ಕಣ್ಣಿನಲ್ಲೇ ಮೂಲೆ ತೋರಿಸುತ್ತಿದ್ದಳು. ಶುಕ್ರವಾರ ಬಲೆ ಹೊಡೆಯಲು ಕೋಲೆತ್ತಿದೆ, ಹುಬ್ಬು ಮೇಲೆ ಹೋಯಿತು. ಮಂಗಳವಾರ, ಶುಕ್ರವಾರ ಬಲೆ ತೆಗೆಯಬಾರದು ಎಂದು ನನಗೂ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನೆಲ ಒರೆಸಿದ ಮೇಲೆ ಅವಳು ಬರಿಗಾಲಿನಲ್ಲಿ ಮೆಲ್ಲಗೆ ನಡೆದು ನೋಡುವಳು. "ಅಂಟ್ತಿದೆ," ಅನ್ನುವಳು. ಫಿನಾಯಿಲ್ ಜಾಸ್ತಿಯಾಗಿದೆ ಎಂದರ್ಥ. ನಾಲ್ಕು ದಿನ ಅಂಟಿತು. ಸೊಂಟ ಹಿಡಿದುಕೊಂಡಿತು. ಇಷ್ಟು ಕೆಲಸವನ್ನು ಅವಳು ಆ ಮಂಡಿ ಇಟ್ಟುಕೊಂಡು ದಿನಾ ಮಾಡುತ್ತಿದ್ದಳು, ನಾನು ಪಕ್ಕದಲ್ಲೇ ಪೇಪರು ಓದುತ್ತ ಕಾಲು ಮೇಲೆತ್ತಿಕೊಳ್ಳುತ್ತಿದ್ದೆ. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ.

ಆರನೇ ದಿನ ನೆಲ ಅಂಟಲಿಲ್ಲ. ಏಳನೇ ದಿನ, ಸೋಮವಾರ, ಅವಳು ಹಾಲಿನ ಉದ್ದಕ್ಕೂ ನಡೆದು ಹೋಗಿ ಬಂದು, "ಪರವಾಗಿಲ್ಲ," ಅಂದಳು. ಆಫೀಸಿನಲ್ಲಿ ನನಗೆ ಪ್ರಮೋಷನ್ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಆ ಖುಷಿಯಲ್ಲೇ ಸಂಜೆ ದೊಡ್ಡ ಚಾರ್ಟು ಬರೆದೆ. ಡಾಕ್ಟರು ಆರು ವಾರ ಬಗ್ಗುವಂತಿಲ್ಲ ಅಂದಿದ್ದರಲ್ಲ, ನಲವತ್ತೆರಡು ದಿನಕ್ಕೂ ಗೆರೆ ಎಳೆದು, ಯಾವ ದಿನ ಏನು, ಯಾರು ಎಂದು ತುಂಬಿದೆ. ನಾನು, ಸಿದ್ದಲಕ್ಷ್ಮಮ್ಮ, ಭಾನುವಾರ ಶ್ರೀರಂಜನಿ. ಅಲಮೇಲುವಿಗೆ ಒಂದು ಕೆಲಸವೂ ಇಲ್ಲ. ಅವಳಿಗೆ ಸಮಾಧಾನವಾಗಲಿ ಎಂದು ಮೊದಲ ಚೌಕದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ಗುರುವಾರ, ಬೆಳಿಗ್ಗೆ ಏಳು ಗಂಟೆ, ಅಲಮೇಲು ಹೊರಟ ಕೂಡಲೇ ಇಡೀ ಮನೆ ಗುಡಿಸಿ ಒರೆಸುವುದು.

ಅವಳು ಕನ್ನಡಕ ಹಾಕಿಕೊಂಡು ಓದಿದಳು. ಚಾರ್ಟು ಮಡಿಸಿ ಟೇಬಲ್ಲಿನ ಮೇಲಿಟ್ಟಳು.

"ನಾನು ಹೋಗಲ್ಲ ರೀ. ಡಾಕ್ಟ್ರಿಗೆ ಫೋನ್ ಮಾಡ್ಬಿಡಿ."

ಯಾಕೆ ಎಂದರೆ ಕನ್ನಡಕ ತೆಗೆದು ಡಬ್ಬಿಗೆ ಹಾಕಿದಳು. ನನಗೂ ರೇಗಿತು. ಒಂದು ವಾರ ಸೊಂಟ ಮುರಿದುಕೊಂಡಿದ್ದು ಇದಕ್ಕೇನಾ, ನಿನಗೆ ಬೇಕಿದ್ದದ್ದು ನೆಪ ಮಾತ್ರ, ಎಂದೆಲ್ಲ ಅಂದೆ. ಅವಳು ರೂಮಿಗೆ ಹೋಗಿ ಮಲಗಿದಳು. ಶ್ರೀರಂಜನಿ ಬಂದು ಕೇಳಿದರೂ ಗೋಡೆ ಕಡೆ ತಿರುಗಿಕೊಂಡಳು. ಮಂಗಳವಾರ ಇಡೀ ದಿನ ನಾವಿಬ್ಬರೂ ಮಾತಾಡಲಿಲ್ಲ. ಡಾಕ್ಟರಿಗೆ ನಾನು ಫೋನ್ ಮಾತ್ರ ಮಾಡಲಿಲ್ಲ.

ಬುಧವಾರ ಬೆಳಿಗ್ಗೆ ಸಿದ್ದಲಕ್ಷ್ಮಮ್ಮ ಪಾತ್ರೆ ಉಜ್ಜುತ್ತಿದ್ದಳು. ಅಲಮೇಲುವಿನ ಮನಸ್ಸು ಬದಲಾದರೂ ಆಗಬಹುದು ಎಂದುಕೊಂಡು ಸಿದ್ದಲಕ್ಷ್ಮಮ್ಮನ ಹತ್ತಿರ ಹೋಗಿ, "ನಾಳೆ ಸ್ವಲ್ಪ ಬೇಗ ಬಾಮ್ಮ. ಅಮ್ಮಾವ್ರು ಆಸ್ಪತ್ರೆಗೆ ಹೊರಟ ತಕ್ಷಣ ಮಂಚ ಎತ್ತಿ ಒರೆಸ್ಬೇಕು, ಒಂದು ಕೈ ಹಿಡಿ," ಅಂದೆ.

ಅವಳ ಕೈ ನಿಂತಿತು. "ಏನ್ ಸ್ವಾಮಿ ಹಿಂಗಂತೀರಾ. ಮನೆಯಿಂದ ಮನುಸ್ರು ಹೊಂಟ ಮ್ಯಾಕೆ ಕಸ ಗುಡುಸ್ತಾರಾ? ಹೆಣ ಎತ್ತಿದ್ ಮನೇಲಿ ಅಲ್ವಾ ಹಿಂದೇನೇ ಗುಡ್ಸಿ ತೊಳ್ಯೋದು. ಹೋದೋರು ಊರು ಸೇರ್ಕಂಡ್ರು ಅಂತ ಗೊತ್ತಾದ್ ಮ್ಯಾಲೇ ಪೊರಕೆ ಮುಟ್ಟೋದು."

ನನ್ನ ಅಮ್ಮ ಬದುಕಿದ್ದಾಗ ನಮ್ಮ ಮನೆಯಲ್ಲೂ ಹಾಗೇ ಇತ್ತು. ನಾನು ದಿನಾ ಕುಣಿಗಲ್ಲಿಗೆ ಹೊರಡುವ ಮುಂಚೆಯೇ ಅಲಮೇಲು ಗುಡಿಸಿ ಮುಗಿಸಿರುತ್ತಿದ್ದಳು, ಇಲ್ಲವಾದರೆ ಹತ್ತರ ನಂತರ. ಮೂವತ್ತನಾಲ್ಕು ವರ್ಷ ಅವಳು ನನ್ನ ಬಸ್ಸು ತಲುಪುವ ಹೊತ್ತು ನೋಡಿಕೊಂಡು ಪೊರಕೆ ಹಿಡಿದಿದ್ದಳು. ಅಂಥವಳ ಕೈಗೆ ನಾನು ದಪ್ಪ ಅಕ್ಷರದಲ್ಲಿ ಏನು ಬರೆದು ಕೊಟ್ಟೆ ಎಂದು ಆಗ ಹೊಳೆಯಿತು.

ರೂಮಿಗೆ ಹೋದೆ. ಅವಳು ಮಂಚದ ತುದಿಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದಳು.

"ಅಲಮೇಲು, ತಪ್ಪಾಯ್ತು. ಆ ಗುರುವಾರದ್ದು ನನಗೆ ನೆನಪಾಗ್ಲೇ ಇಲ್ಲ."

ಅವಳು ನೀವುವುದನ್ನು ನಿಲ್ಲಿಸಿದಳು. "ಗುಬ್ಬೀಲಿ ನಮ್ಮಮ್ಮನ್ನ ಜೀಪಲ್ಲಿ ತುಮಕೂರು ಆಸ್ಪತ್ರೆಗೆ ಕರ್ಕೊಂಡ್ ಹೋದ್ರಲ್ಲ, ನಮ್ಮ ಮದುವೆ ಹಿಂದಿನ ವರ್ಷ. ಜೀಪು ತಿರುವು ದಾಟಿರ್ಲಿಲ್ಲ, ನಾನು ಪೊರಕೆ ತಗೊಂಡೆ. ಅಮ್ಮ ಬರೋ ಹೊತ್ಗೆ ಮನೆ ಲಕ್ಷಣವಾಗಿರ್ಲಿ ಅಂತ. ಗುಡಿಸಿ ಒರೆಸಿ ಎಲ್ಲ ಮುಗಿಸಿದ್ ಮೇಲೆ ಅಜ್ಜಿ ಹಿತ್ತಲಿಂದ ಬಂದು ನೋಡಿ, ಏನೇ ಮಾಡ್ಬಿಟ್ಟೆ ಅಂದ್ರು. ಅಷ್ಟೇ ಅಂದಿದ್ದು. ನಾಲ್ಕನೇ ದಿನ ಅಮ್ಮ ಹೋದ್ರು."

ನಲವತ್ತು ವರ್ಷದ ಸಂಸಾರದಲ್ಲಿ ಈ ಮಾತನ್ನು ಅವಳು ನನಗೆ ಹೇಳಿರಲಿಲ್ಲ. "ಅವರು ಹೋಗಿದ್ದು ನೀನು ಒರೆಸಿದ್ದಕ್ಕಲ್ಲ ಕಣೇ," ಅಂದೆ.

"ನನಗೆ ಗೊತ್ತಿಲ್ವಾ. ನಾನೂ ಬಿಎಸ್ಸಿ ಓದಿದೀನಿ. ಗೊತ್ತಿರೋದು ಬೇರೆ ರೀ, ಒಳಗೆ ಕೂತಿರೋದು ಬೇರೆ. ಮನೆ ಕೆಲಸ ಎಲ್ಲ ನೆಪ. ನನಗೆ ಭಯ. ಹೋದ್ರೆ ವಾಪಸ್ ಬರಲ್ಲ ಅಂತ ಭಯ. ಆ ಚಾರ್ಟು ನೋಡಿದ್ರೆ ನಾನಿಲ್ದೇ ಎಲ್ಲ ನಡ್ಯೋ ಹಾಗಿದೆ. ಆರು ವಾರದಲ್ಲಿ ಎಲ್ಲೂ ನನ್ ಹೆಸರೇ ಇಲ್ಲ."

ನಾನು ಅವಳ ಪಕ್ಕ ಕೂತೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ, ಸುತ್ತೋಲೆ ಬರೆಯಲು ಬರುತ್ತದೆ ಅಷ್ಟೇ. "ನನಗೂ ಭಯಾನೇ," ಅಂದೆ. "ಅದಕ್ಕೇ ಆ ನಲವತ್ತೆರಡು ಗೆರೆ ಎಳೆದಿದ್ದು. ನೀನು ಸೇರಿದೆ ಅಂತ ನೀನೇ ಫೋನ್ ಮಾಡೋವರೆಗೂ ಈ ಮನೇಲಿ ಒಂದು ಕಡ್ಡೀನೂ ಅಲ್ಲಾಡಲ್ಲ. ನಾನು ಇಲ್ಲಿ ಕಾಯ್ತಿರ್ತೀನಿ."

ಅವಳು ನನ್ನ ಮುಖ ನೋಡಿದಳು. "ಶ್ರೀರಂಜನಿಗೆ ಬ್ಯಾಗ್ ಇಳಿಸೋಕೆ ಹೇಳಿ," ಅಂದಳು.

ಗುರುವಾರ ಬೆಳಿಗ್ಗೆ ಏಳಕ್ಕೆ ಮಗಳ ಕಾರು ಹೊರಟಿತು. ಮೊದಲ ದಿನ ಬರೀ ಟೆಸ್ಟು, ಜೊತೆಗೆ ಒಬ್ಬರನ್ನೇ ಬಿಡುತ್ತಾರೆ, ನಾನು ಮಾರನೇ ದಿನ ಮೊದಲ ಟ್ರೇನಿಗೆ ಹೋಗುವುದೆಂದಾಗಿತ್ತು. ಒಳಗೆ ಬಂದೆ. ಗಡಿಬಿಡಿಯಲ್ಲಿ ಕುಂಕುಮ ಚೆಲ್ಲಿತ್ತು. ಕಾಫಿ ಲೋಟದ ಗುರುತು, ಮುಡಿಯಿಂದ ಉದುರಿದ ಮಲ್ಲಿಗೆ, ಬ್ಯಾಗಿನಿಂದ ಬಿದ್ದ ಔಷಧಿ ಚೀಟಿ. ಸ್ನಾನ ಮಾಡಿ ಬಂದವಳ ಒದ್ದೆ ಹೆಜ್ಜೆ ನೆಲದ ಮೇಲೆ ಒಣಗಿ ಮಸುಕಾಗಿ ನಿಂತಿತ್ತು, ಒಂದು ಪಾದ ಪೂರ್ತಿ, ಇನ್ನೊಂದು ಎಳೆದದ್ದು. ಒಂದು ವಾರದ ಅಭ್ಯಾಸಕ್ಕೆ ನನ್ನ ಕೈ ತುರಿಸುತ್ತಿತ್ತು. ಸಿದ್ದಲಕ್ಷ್ಮಮ್ಮನೂ ಅಂಗಳಕ್ಕೆ ಇಳಿಯದೆ ಬಾಗಿಲ ಬಳಿ ಕೂತಳು. ಎಂಟಾಯಿತು, ಒಂಬತ್ತಾಯಿತು. ಕಾಫಿ ಬಿದ್ದ ಕಡೆ ಇರುವೆ ಸಾಲು ಬಂತು. ನಾನು ಈ ಶಾಸ್ತ್ರಗಳನ್ನೆಲ್ಲ ನಂಬುವವನಲ್ಲ. ಆದರೂ ಆ ಹೆಜ್ಜೆ ತುಳಿಯದಂತೆ ಸುತ್ತು ಹಾಕಿ ನೀರು ಕುಡಿದು ಬಂದೆ.

ಹತ್ತೂ ಇಪ್ಪತ್ತಕ್ಕೆ ಫೋನ್ ಬಂತು.

"ಸೇರ್ಕೊಂಡೆ ರೀ. ಮಂಚ ಕೊಟ್ಟಿದಾರೆ. ನಾಳೆ ಎಂಟಕ್ಕಂತೆ. ಗುಡಿಸಿದ್ರಾ?"

"ಇಲ್ಲ. ಕೂತಿದೀನಿ."

ಆ ಕಡೆ ಯಾವುದೋ ಟ್ರಾಲಿ ಉರುಳುವ ಸದ್ದು ಕೇಳಿತು.

"ಚಾರ್ಟು ತಗೊಳ್ಳಿ," ಅಂದಳು. "ಮೂರನೇ ವಾರದ ಗುರುವಾರ ನಿಮ್ ಹೆಸರು ಹಾಕಿದೀರಲ್ಲ, ದೀಪ ತೊಳೆಯೋದು ಅಂತ. ಅದನ್ನ ಹೊಡೆದ್ಹಾಕಿ. ನನ್ ಹೆಸರು ಬರೀರಿ. ಅಷ್ಟೊತ್ಗೆ ಕುರ್ಚಿ ಮೇಲೆ ಕೂತ್ಕೊಂಡು ತೊಳೆಯೋಕೆ ಆಗತ್ತೆ."

ಪೆನ್ನು ಹುಡುಕಿದೆ. ಕಣ್ಣು ಮಂಜಾಗಿ ಗೆರೆ ಕಾಣಲಿಲ್ಲ, ಒರೆಸಿಕೊಂಡು ಬರೆದೆ.

"ಬರೆದ್ರಾ?"

"ಬರೆದೆ. ದಪ್ಪ ಅಕ್ಷರದಲ್ಲಿ."

"ಹಂಗಾದ್ರೆ ಇನ್ನು ಗುಡಿಸಿ," ಅಂದಳು ಅಲಮೇಲು. "ಸೋಫಾ ಹಿಂದೆ ಮರೀಬೇಡಿ."