ಇಲ್ಲೊಂದು ಸ್ಟಾಪ್ ಕೊಡು

"ತಡೀರಿ ನರ್ಸಮ್ಮ, ನಾನಿನ್ನೂ ಕುರುಬನ ಹತ್ರಾನೇ ಇದೀನಿ."

ಹುಲಿಗೆಮ್ಮ ಹೀಗೆಂದಾಗ ಪ್ರೇಮಮ್ಮ ಇಪ್ಪತ್ತಮೂರನೆಯ ಕೀರ್ತನೆಯನ್ನು ಪೂರ್ತಿ ಮುಗಿಸಿ ಆಮೆನ್ ಕೂಡ ಹೇಳಿಯಾಗಿತ್ತು. ಬೈಬಲ್ ಹುಲಿಗೆಮ್ಮನ ತೊಡೆಯ ಮೇಲಿತ್ತು, ಅವಳ ಬೆರಳು ಮೊದಲನೇ ಸಾಲಿನಲ್ಲೇ ಇತ್ತು. ಪ್ರೇಮಮ್ಮ ಬಾಯಿಪಾಠ ಒಪ್ಪಿಸಬೇಕು, ಒಂದಕ್ಷರ ತಪ್ಪಿದರೂ ಹುಲಿಗೆಮ್ಮ ಹಿಡಿಯಬೇಕು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ತಪ್ಪು ಹಿಡಿಯುವುದಿರಲಿ, ಹಿಂದೆ ಓಡಿ ಬರುವುದಕ್ಕೂ ಅವಳಿಂದ ಆಗಿರಲಿಲ್ಲ.

"ಅಲ್ಲಿ ಏನು ಮಾಡ್ತಿದೀಯೇ?" ಎಂದರು ಪ್ರೇಮಮ್ಮ.

"ದೇವ್ರು ಕುರುಬ ಅಂತ ಬರ್ದೈತೆ. ನಮ್ಮೋನಾ?"

"ಕುರಿ ಕಾಯೋನು ಅಂತ ಅರ್ಥ ಕಣೇ, ಅಷ್ಟೆ."

"ಅದೇ ಅಲ್ವ್ರಾ ಮತ್ತೆ, ನಮ್ಮೋನೇ ಆದ. ನಿಮ್ಮನೆ ಮೇಷ್ಟ್ರು ಒಂದಿನಾನೂ ಬಾಯಿಬಿಡ್ಲಿಲ್ಲ ನೋಡಿ."

ಕಪ್ಪು ಕನ್ನಡಕದ ಹಿಂದೆ ಪ್ರೇಮಮ್ಮನಿಗೆ ನಗು ಬಂತು. ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ವಾರವಾಗಿರಲಿಲ್ಲ. ಕಣ್ಣಿಗೆ ಆಯಾಸ ಮಾಡಬೇಡಿ, ಸದ್ಯಕ್ಕೆ ಓದು ಬೇಡ ಎಂದು ಡಾಕ್ಟರು ಹೇಳಿದ್ದರು. ಯಗಟಿಯಲ್ಲಿ ನರ್ಸಾಗಿ, ಅರ್ಧ ಊರಿನ ಹೆರಿಗೆ ಮಾಡಿಸಿ, ನಿವೃತ್ತರಾದ ಮೇಲೂ ಅಲ್ಲೇ ಉಳಿದವರು ಅವರು. ಎದುರುಮನೆಯ ಹುಲಿಗೆಮ್ಮನ ಗಂಡ ಸಣ್ಣಬೀರಪ್ಪ ಬೆಳಗಾದರೆ ಕುರಿ ಹೊಡೆದುಕೊಂಡು ಹೊರಟುಬಿಡುತ್ತಿದ್ದ. ಹಾಗಾಗಿ ಕಣ್ಣಿಗೆ ಹನಿ ಹಾಕುವುದರಿಂದ ಹಿಡಿದು ಬೈಬಲ್ ಹಿಡಿಯುವವರೆಗೆ ಎಲ್ಲ ಕೆಲಸವೂ ಹುಲಿಗೆಮ್ಮನ ಪಾಲಿಗೆ ಬಂದಿತ್ತು.

ಬರುವ ಭಾನುವಾರ ಕಡೂರಿನ ಚರ್ಚಿನಲ್ಲಿ ಸಾಲೊಮನ್ ಮೇಷ್ಟ್ರ ವರ್ಷದ ಸ್ಮರಣೆ. ಗಂಡನಿಗೆ ಇಷ್ಟವಾದ ಆ ಕೀರ್ತನೆಯನ್ನು ತಾವೇ ಓದುವುದಾಗಿ ಪ್ರೇಮಮ್ಮ ಸಭಾಪಾಲಕರಿಗೆ ಮಾತು ಕೊಟ್ಟಿದ್ದರು. ಕೊಟ್ಟ ಮೇಲೆ ಹೆದರಿಕೆ ಶುರುವಾಗಿತ್ತು. ಮರೆತುಹೋಗುತ್ತದೆ ಎಂದಲ್ಲ. ಮರೆಯುವುದೇ ಇಲ್ಲವಲ್ಲ, ಅದೇ ಹೆದರಿಕೆ. ಮಣ್ಣು ಮಾಡುವ ದಿನವೂ ಅವರು ಪುಸ್ತಕ ಮುಟ್ಟದೆ, ಒಂದೇ ಉಸಿರಿಗೆ, ಎಲ್ಲೂ ತೊದಲದೆ ಹೇಳಿ ಮುಗಿಸಿದ್ದರು. "ಎಂಥಾ ಗಟ್ಟಿ ಹೆಂಗಸು" ಎಂದು ತರೀಕೆರೆಯಿಂದ ಬಂದಿದ್ದ ನೆಂಟರು ಹೊಗಳಿದ್ದರು. ಹೇಳಿದ್ದರಲ್ಲಿ ಒಂದು ಮಾತೂ ತಮ್ಮ ಎದೆಗೆ ಇಳಿದಿರಲಿಲ್ಲ ಎಂಬುದು ಪ್ರೇಮಮ್ಮನಿಗೆ ಮಾತ್ರ ಗೊತ್ತಿತ್ತು. ಅವತ್ತು ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಭಾನುವಾರವೂ ಹಾಗೇ ಗಿಣಿಯಂತೆ ಒಪ್ಪಿಸಿ ಬಂದರೆ ಮೇಷ್ಟ್ರಿಗೆ ಮೋಸ ಮಾಡಿದಂತೆ ಎಂದು ಅವರಿಗೆ ಅನ್ನಿಸುತ್ತಿತ್ತು.

ಪ್ರತಿ ವರ್ಷ ಮೊದಲಿನಿಂದ ಕೊನೆಯವರೆಗೆ ಬೈಬಲ್ ಓದಿ ಮುಗಿಸುವುದು ಅವರ ರೂಢಿ. ಬೆಳಿಗ್ಗೆ ಹಾಲು ಉಕ್ಕುವುದರೊಳಗೆ ಆ ದಿನದ ಪಾಲು ಮುಗಿಯಬೇಕು. ಮೇಷ್ಟ್ರೋ, ಒಂದು ವಚನ ಹಿಡಿದುಕೊಂಡು ಸ್ನಾನಕ್ಕೆ ಹೋಗುವವರು, ಅದನ್ನೇ ಇಟ್ಟುಕೊಂಡು ತಿಂಡಿಗೂ ಬರುವವರು. "ನೀನು ಓದಲ್ಲ ಕಣೇ, ಎಕ್ಸ್‌ಪ್ರೆಸ್ ಬಸ್ ಓಡಿಸ್ತೀಯ. ಎಲ್ಲೂ ಸ್ಟಾಪೇ ಕೊಡಲ್ಲ" ಎಂದು ರೇಗಿಸುತ್ತಿದ್ದರು. ಆಸ್ಪತ್ರೆಯಲ್ಲಿ ಕೊನೆಯ ದಿನ ಈ ಕೀರ್ತನೆಯನ್ನು ಓದು ಎಂದವರೂ ಅವರೇ. ಪ್ರೇಮಮ್ಮ ಓದಿದರು. ಕಣ್ಣು ಪುಸ್ತಕದ ಮೇಲೆ ಅರ್ಧ, ಡ್ರಿಪ್ಪಿನ ಮೇಲೆ ಅರ್ಧ. ನಡುವೆ ಎಲ್ಲೋ ಮೇಷ್ಟ್ರು ಅವರ ಮಣಿಕಟ್ಟು ಹಿಡಿದು, "ಇಲ್ಲೊಂದು ಸ್ಟಾಪ್ ಕೊಡು ಪ್ರೇಮಾ" ಅಂದಿದ್ದರು. ಹಳೆಯ ತಮಾಷೆ ಎಂದುಕೊಂಡು ಇವರು ಮುಂದಕ್ಕೆ ಓದಿಬಿಟ್ಟರು. ಎಲ್ಲಿ ಎಂದು ಕೇಳಲಿಲ್ಲ. ಕೇಳಬೇಕು ಅನ್ನಿಸುವ ಹೊತ್ತಿಗೆ ಹೇಳುವವರು ಇರಲಿಲ್ಲ.

"ನಾನು ಹೇಳೋದು ಬೇಡ, ನೀನೇ ಓದು ಹುಲಿಗೆಮ್ಮ. ನಾನು ಕೇಳ್ತೀನಿ" ಎಂದರು ಪ್ರೇಮಮ್ಮ.

"ನಂದು ತಡ ಆಯ್ತದೆ ಕಣ್ರೀ. ಅರ್ಥ ಆಗೋಗಂಟ ಬೆರಳು ಎತ್ತಬ್ಯಾಡ ಅಂತ ಮೇಷ್ಟ್ರು ಕಲಿಸ್ಬಿಟ್ಟವ್ರೆ."

ಇದೇ ಜಗಲಿಯ ಮೇಲೆ, ಸಂಜೆ ಹೊತ್ತು, ಮೇಷ್ಟ್ರು ಊರಿನ ಹೆಂಗಸರಿಗೆ ಅಕ್ಷರ ಕಲಿಸಿದ್ದರು. ಮಿಕ್ಕವರೆಲ್ಲ ಸಹಿ ಹಾಕಲು ಬಂದ ಕೂಡಲೇ ಬಿಟ್ಟರು, ಹುಲಿಗೆಮ್ಮ ಮಾತ್ರ ಬಿಡಲಿಲ್ಲ. ಈಗ ಅವಳು ಒಂದೊಂದೇ ಅಕ್ಷರ ಕೂಡಿಸಿ ಪದ ಮಾಡಿ, ಆ ಪದವನ್ನು ಇನ್ನೊಮ್ಮೆ ತನಗೇ ಹೇಳಿಕೊಂಡು, ಆಮೇಲೆ ಬೆರಳು ಸರಿಸುತ್ತಿದ್ದಳು. ಹಸುರುಗಾವಲು ಎಂಬಲ್ಲಿ ಮತ್ತೆ ನಿಂತಳು.

"ಕಾವಲು ಅಂದ್ರೆ ನಮ್ಮ ಎಮ್ಮೆದೊಡ್ಡಿ ಕಾವಲಂಗಾ? ಅಲ್ಲಿ ಹುಲ್ಲಿಗೆ ಕುರಿ ಬಿಟ್ರೆ ಫಾರೆಸ್ಟ್ ಗಾರ್ಡು ಅಟ್ಟಿಸ್ಕೊಂಡು ಬತ್ತಾನೆ."

"ಇಲ್ಲಿ ಯಾರೂ ಅಟ್ಟಲ್ಲ. ಮುಂದಕ್ಕೆ ಓದು."

"ಹಂಗಾದ್ರೆ ಒಳ್ಳೇದಾತು" ಎಂದು ಸಮಾಧಾನಪಟ್ಟು ಅವಳು ಮುಂದೆ ಹೋದಳು. ಆತನು ನೀರಿನ ಬಳಿಗೆ ಕರೆದೊಯ್ಯುವುದು ಬಂತು, ಆತನು ದಾರಿ ತೋರಿಸುವುದು ಬಂತು. ಪ್ರೇಮಮ್ಮನ ನಾಲಿಗೆ ಮೊದಮೊದಲು ಮುಂದಕ್ಕೆ ಓಡಲು ಹವಣಿಸಿತು. ಬರಬರುತ್ತಾ ಅದೂ ಸುಮ್ಮನಾಯಿತು. ಮುಂದಿನ ಪದ ಗೊತ್ತಿದ್ದೂ ಅದಕ್ಕಾಗಿ ಕಾಯುವುದು ಅವರಿಗೆ ಹೊಸದು. ಕತ್ತಲೆಯ ಕಣಿವೆ ದಾಟುವುದಕ್ಕೆ ಹುಲಿಗೆಮ್ಮನಿಗೆ ಬಹಳ ಹೊತ್ತು ಹಿಡಿಯಿತು. ದಾಟಿ, ಉಸಿರು ತೆಗೆದುಕೊಂಡು, ಮುಂದಿನ ಪದಕ್ಕೆ ಬೆರಳಿಟ್ಟು ತಲೆಯೆತ್ತಿದಳು.

"ನಾನಾ?"

"ಏನು ನಾನಾ?"

"ಇಲ್ಲಿ ನೀನು ಅಂತ ಐತೆ. ನಂಗೇನಾದ್ರೂ ಹೇಳ್ತೈತಾ?"

ಪ್ರೇಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನಗಲ್ಲ ಕಣೇ ಹುಚ್ಚಿ, ದೇವರಿಗೆ."

"ಮತ್ತೆ ಇಲ್ಲೀಗಂಟ ಆತ ಹಂಗೆ ಮಾಡ್ದ, ಆತ ಹಿಂಗೆ ಮಾಡ್ದ ಅಂತ ಊರೋರ ಹತ್ರ ಹೇಳ್ದಂಗಿತ್ತು. ಕತ್ಲಿಗೆ ಬಂದೇಟ್ಗೆ ಬರ್ದೋನು ಆತನ್ನೇ ಮಾತಾಡಿಸ್ತಾನಲ್ಲ, ಯಾಕೆ?"

ಪ್ರೇಮಮ್ಮನ ನಗು ಅರ್ಧಕ್ಕೆ ನಿಂತಿತು. ಅಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದ್ದರೂ ಅಲ್ಲೊಂದು ತಿರುವಿದೆ ಎಂದು ಅವರು ಗಮನಿಸಿಯೇ ಇರಲಿಲ್ಲ. ಹಗಲಲ್ಲಿ, ಹಸಿರಲ್ಲಿ, ನೀರಿನ ಪಕ್ಕದಲ್ಲಿ ಆತನು. ಕತ್ತಲಾದ ಮೇಲೆ ನೀನು. ವರ್ಷದಿಂದ ತಾವು ಗಂಡನ ಬಗ್ಗೆ ಎಲ್ಲರ ಹತ್ತಿರ ಮಾತಾಡಿದ್ದುಂಟು, ಅವರು ಹೀಗಿದ್ದರು, ಅವರು ಹಾಗೆನ್ನುತ್ತಿದ್ದರು ಎಂದು. ದೇವರ ಬಗ್ಗೆಯೂ ಓದಿದ್ದುಂಟು. ಇಬ್ಬರಲ್ಲಿ ಒಬ್ಬರನ್ನೂ ಎದುರು ಕೂರಿಸಿಕೊಂಡು ಮಾತಾಡಿಸಿರಲಿಲ್ಲ.

"ಇಲ್ಲೇ ಅಲ್ವಾ ನೀವು ಹೇಳಿದ್ದು?" ಎಂದರು ಪ್ರೇಮಮ್ಮ, ಮೆಲ್ಲಗೆ.

"ನಾನೆಲ್ಲಿ ಹೇಳ್ದೆ ನರ್ಸಮ್ಮ?"

"ನಿನಗಲ್ಲ ಕಣೇ" ಎಂದರು ಅವರು.

ಹುಲಿಗೆಮ್ಮ ಗೋಡೆಯ ಮೇಲಿನ ಮೇಷ್ಟ್ರ ಫೋಟೋ ಕಡೆ ಒಂದು ಸಲ ನೋಡಿ, ಎದ್ದು ಕಾಫಿಗೆ ನೀರಿಟ್ಟಳು.

ಭಾನುವಾರ ಕಡೂರಿನ ಬಸ್ಸಿನಲ್ಲಿ ಪ್ರೇಮಮ್ಮನ ಕೈ ಹಿಡಿದು ಕರೆತಂದವಳೂ ಅವಳೇ. ಚರ್ಚಿನೊಳಗೆ ಯಾರು ಮುಂದೆ ಕರೆದರೂ ಹೋಗದೆ ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂತಳು, ತೊಡೆಯ ಮೇಲೆ ಬೈಬಲ್. ತಪ್ಪು ಹಿಡಿಯುವ ಕೆಲಸ ಇನ್ನೂ ತನ್ನದೇ ಎಂದು ಅವಳ ಲೆಕ್ಕ.

ಪ್ರೇಮಮ್ಮ ಎದ್ದು ನಿಂತು ಶುರು ಮಾಡಿದರು. ಕುರುಬನ ಹತ್ತಿರ ತುಟಿಯಂಚಿನಲ್ಲಿ ಸಣ್ಣ ನಗು ಬಂದು ಹೋಯಿತು. ಹಸುರುಗಾವಲು ದಾಟಿದರು, ನೀರು ದಾಟಿದರು, ಕತ್ತಲೆಯ ಕಣಿವೆಯ ತನಕ ಬಂದು ನಿಂತರು. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಪಾಪ, ಮರೆತುಹೋಯಿತು ಎಂದು ಸಭಾಪಾಲಕರು ಬಗ್ಗಿ ಮುಂದಿನ ಮಾತು ಪಿಸುಗುಡಲು ಹೋದಾಗ ಪ್ರೇಮಮ್ಮ ಬೇಡವೆಂಬಂತೆ ಕೈಯೆತ್ತಿದರು. ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿದು ಗಲ್ಲಕ್ಕೆ ಬಂತು. ಅವರು ಒರೆಸಿಕೊಳ್ಳಲಿಲ್ಲ.

ಕೊನೆಯ ಬೆಂಚಿನಲ್ಲಿ ಹುಲಿಗೆಮ್ಮ ಮುಂದಿನ ಪದದ ಕೆಳಗೆ ಬೆರಳಿಟ್ಟುಕೊಂಡು, ಅದನ್ನು ಎತ್ತದೆ, ಕಾಯುತ್ತಿದ್ದಳು.