ಕಿಲಾರಿಯ ಹೆಂಡತಿ ಹೇಳಿದ್ದು

ಪಾಲಣ್ಣನ ಕಣ್ಣಿಗೆ ನಿದ್ದೆ ಹತ್ತಿ ಮೂರು ದಿನವಾಗಿತ್ತು. ದೇವರ ದನಗಳ ರೊಪ್ಪದೊಳಗೆ ಕೂತು, ಇಲ್ಲದ ಹಾವುಗಳನ್ನು ಮೈಮೇಲಿಂದ ಕೊಡವಿಕೊಳ್ಳುತ್ತಿದ್ದ. ಬೆವರಿಗೆ ಅಂಗಿ ತೊಯ್ದು ಬೆನ್ನಿಗಂಟಿತ್ತು. ಪೂಜಾರಿ ಕಲ್ಲೇಶಪ್ಪ ಅವನ ಹಣೆಗೆ ಭಂಡಾರ ಬಳಿದು, "ದೇವರು ಹಿಡಿದೈತೆ. ನಾಳೆ ಹೊತ್ತು ಮುಳುಗೋವರೆಗೂ ಕೂಳು ನೀರು ಕೊಡಬ್ಯಾಡ್ರಿ" ಎಂದು ಕಟ್ಟಪ್ಪಣೆ ಮಾಡಿದ್ದ.

ಹಿಡಿದದ್ದು ಯಾವ ದೇವರೆಂದು ಬೇಲಿಯಾಚೆ ನಿಂತಿದ್ದ ಹೆಂಡತಿ ಕಾಟಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳುವಂತಿರಲಿಲ್ಲ. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ದೇವರ ದನ ಕಾಯುವ ಕಿಲಾರಿ ಹೆಂಡ ಸಾರಾಯಿ ಮುಟ್ಟಕೂಡದು. ಮುಟ್ಟಿದವನು ರೊಪ್ಪದೊಳಗೆ ಕಾಲಿಡಕೂಡದು. ಆದರೆ ಊರಾಚೆಯ ಕಾವಲಿನಲ್ಲಿ ಒಬ್ಬನೇ ದನ ಮೇಯಿಸುವವನ ಸೊಂಟ ತಡವಿ ನೋಡುವವರು ಯಾರು? ನಾಲ್ಕು ವರ್ಷದಿಂದ ಪಾಲಣ್ಣನ ಸೊಂಟದಲ್ಲಿ ಸಾರಾಯಿ ಪಾಕೀಟು ಇರುತ್ತಿತ್ತು. ನಾಲ್ಕು ದಿನದ ಹಿಂದೆ ಅದು ಕಾಟಮ್ಮನ ಕೈಗೆ ಸಿಕ್ಕಿಬಿತ್ತು. ಅವಳೇನು ಸುಮ್ಮನಿರುವ ಹೆಂಗಸೇ? ದೇವರ ಎತ್ತಿನ ಕೊಂಬು ಹಿಡಿಸಿ ಆಣೆ ಹಾಕಿಸಿದಳು. ಪುಣ್ಯಾತ್ಮ ಮಾತಿಗೆ ತಪ್ಪಲಿಲ್ಲ, ಅಂದಿನಿಂದ ಒಂದು ತೊಟ್ಟೂ ಮುಟ್ಟಲಿಲ್ಲ. ಅವಳ ಖುಷಿ ಒಂದೇ ದಿನದ್ದು. ಮರುದಿನ ಅವನ ಕೈ ನಡುಗತೊಡಗಿತು.

ಪೂಜಾರಿಯ ಅಪ್ಪಣೆಯಾದ ಹೊತ್ತಿಗೇ ಸರ್ಕಾರಿ ಆಸ್ಪತ್ರೆಯ ನರ್ಸು ಅನ್ನಪೂರ್ಣಮ್ಮ ಬಂದಳು. ತಿಂಗಳಿಗೊಮ್ಮೆ ಪಾಲಣ್ಣನ ತಾಯಿಯ ಬಿಪಿ ನೋಡಲು ಬರುತ್ತಿದ್ದವಳು, ದುರ್ಗದಲ್ಲಿ ಅದೇನೋ ತರಬೇತಿ ಮುಗಿಸಿ ಬಂದಮೇಲೆ ಹೊಸ ಚಾಳಿ ಹಚ್ಚಿಕೊಂಡಿದ್ದಳು. ಬಿಪಿ ನೋಡಿ ಸುಮ್ಮನೆ ಹೋಗುತ್ತಿರಲಿಲ್ಲ. ನಿದ್ದೆ ಬರ್ತೈತಾ, ಮನಸಿಗೆ ಬ್ಯಾಸರ ಐತಾ, ಮನೇಲಿ ಯಾರಾದ್ರೂ ಕುಡೀತಾರಾ ಎಂದು ಪ್ರತಿ ಮನೆಯಲ್ಲೂ ಕೇಳುವಳು. ಹೋದ ತಿಂಗಳು ಕಾಟಮ್ಮ ಮೂತಿ ತಿರುವಿ, "ನಮ್ಮೋರು ಕಿಲಾರಿ ಕಣ್ರಿ" ಎಂದಿದ್ದಳು.

ಕಾಟಮ್ಮನ ಅತ್ತೆ ಅಳುತ್ತಾ ಹೇಳಿದ್ದನ್ನು ಕೇಳಿ ಅನ್ನಪೂರ್ಣಮ್ಮ ನೇರ ರೊಪ್ಪಕ್ಕೇ ಬಂದಿದ್ದಳು. ದೂರದಲ್ಲೇ ಚಪ್ಪಲಿ ಬಿಟ್ಟು, ಬೇಲಿಯ ಸಂದಿಯಿಂದ ಪಾಲಣ್ಣನ ಕೈ ನೋಡಿದಳು. ಮುಖ ಬದಲಾಯಿತು.

"ಕಾಟಮ್ಮ, ದಿನಾ ಕುಡಿಯೋನು ಒಂದೇ ಸಲ ಬಿಟ್ರೆ ಹಿಂಗಾಗ್ತೈತೆ. ತಡ ಮಾಡಿದ್ರೆ ಫಿಟ್ಸ್ ಬಂದು ಜೀವಾನೇ ಹೋಗ್ತೈತೆ. ನಿಜ ಹೇಳು, ಕುಡೀತಿದ್ನಾ?"

"ಕಿಲಾರಿ ಮ್ಯಾಲೆ ಎಂಥಾ ಮಾತಾಡ್ತೀಯಮ್ಮ!" ಕಲ್ಲೇಶಪ್ಪ ಹರಿಹಾಯ್ದ.

ಬೇಲಿಯ ಸುತ್ತ ನೆರೆದಿದ್ದ ಜನರ ನಡುವಿಂದ ಹಟ್ಟಿಯ ಯಜಮಾನ ಮೂಡಲಗಿರಿಯಪ್ಪ ಕೈಯೆತ್ತಿ ಅವನನ್ನು ಸುಮ್ಮನಿರಿಸಿದ. ಅವನದು ಕೂಗಾಡುವ ಜಾಯಮಾನವಲ್ಲ, ಅದಕ್ಕೇ ಅವನೆಂದರೆ ಹೆಚ್ಚು ಭಯ. "ಕಾಟವ್ವ, ದೇವರು ಹಿಡಿದಿದ್ರೆ ಅವನು ಇಲ್ಲಿಂದ ಕದಲಂಗಿಲ್ಲ. ಕುಡುಕನಾದ್ರೆ ಈಗಿಂದೀಗ ಕರ್ಕೊಂಡು ಹೋಗು. ಆದ್ರೆ ಅವನ ಮುತ್ತಾತನ ಕಾಲದಿಂದ ಬಂದ ಕಿಲಾರಿ ಕೋಲು ಇಲ್ಲೇ ಇಟ್ಟು ಹೋಗ್ಬೇಕು. ನೀನೇ ಹೇಳು."

ಹತ್ತಾರು ಜನರ ಕಣ್ಣು ಅವಳ ಮೇಲೆ. ಪಾಲಣ್ಣನಿಗೆ ಆ ಗಳಿಗೆ ಬುದ್ಧಿ ತಿಳಿಯಾಯಿತೋ ಏನೋ, ಹಾವು ಕೊಡವುವುದನ್ನು ನಿಲ್ಲಿಸಿ ಹೆಂಡತಿಯತ್ತ ನೋಡಿದ. ಬೇಡ ಎನ್ನುವಂತೆ ತಲೆಯಾಡಿಸಿದ. ಹೇಳದಿದ್ದರೆ ಗಂಡ ಹೋಗುತ್ತಾನೆ, ಹೇಳಿದರೆ ಗಂಡನ ಮಾನ. ಕಾಟಮ್ಮ ಅವನ ಕಣ್ಣಿನಿಂದ ದೃಷ್ಟಿ ಕಿತ್ತುಕೊಂಡಳು.

"ಕುಡೀತಿದ್ದ," ಅಂದಳು. "ದಿನಕ್ಕೆ ಐದು ಪಾಕೀಟು. ನಾನೇ ಆಣೆ ಹಾಕ್ಸಿ ಬಿಡಿಸ್ದೆ. ಇವತ್ತಿಗೆ ನಾಕು ದಿನ."

ಮೂಡಲಗಿರಿಯಪ್ಪ ಬಗ್ಗಿ ಪಾಲಣ್ಣನ ಪಕ್ಕದ ಕೋಲು ಎತ್ತಿಕೊಂಡ.

ಆಸ್ಪತ್ರೆಗೆ ಟ್ರ್ಯಾಕ್ಟರಿನಲ್ಲಿ ಹೋಗುವಾಗಲೇ ಪಾಲಣ್ಣನಿಗೆ ಫಿಟ್ಸ್ ಬಂತು. ಕಾಟಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೊತ್ತಿದ್ದ ದೇವರನ್ನೆಲ್ಲ ಬೈದಳು. ಆಸ್ಪತ್ರೆಯಲ್ಲಿ ಮಕ್ಕಳಿಗೆ ಸೂಜಿ ಚುಚ್ಚುವ ಕೋಣೆಯಲ್ಲೇ ಅವನನ್ನು ಮಲಗಿಸಿದರು. ಡಾಕ್ಟರ್ ಹನುಮಂತರಾಜು ಇಂಜೆಕ್ಷನ್ ಕೊಟ್ಟು, ಗ್ಲೂಕೋಸ್ ಹಾಕಿ, ಉಸಿರು ಹದಕ್ಕೆ ಬರುವ ತನಕ ಅಲ್ಲೇ ನಿಂತಿದ್ದರು.

"ಬಿಡ್ಸಿದ್ದು ತಪ್ಪಲ್ಲಮ್ಮ. ಒಂದೇ ಏಟಿಗೆ ಬಿಡ್ಸಿ, ಇಲ್ಲಿಗೆ ಕರ್ಕೊಂಡು ಬರದೆ ಇದ್ದದ್ದು ತಪ್ಪು. ಇದೂ ಒಂದು ಕಾಯಿಲೆ. ನಿಮ್ಮತ್ತೆಗೆ ಬಿಪಿ ಮಾತ್ರೆ ಕೊಡೋ ಕಿಟಕೀಲೇ ಇವನ ಮಾತ್ರೇನೂ ಸಿಗ್ತೈತೆ. ವಾರಕ್ಕೊಮ್ಮೆ ಕರ್ಕೊಂಡು ಬಾ, ಮಾತಾಡೋಣ."

ಮೂರನೆಯ ದಿನ ಬೆಳಿಗ್ಗೆ ಪಾಲಣ್ಣ ನೆಟ್ಟಗೆ ಕಣ್ಣು ಬಿಟ್ಟ. ನೀರು ಕೇಳಲಿಲ್ಲ.

"ದನ ಯಾರು ಹೊಡಕೊಂಡು ಹೋದ್ರು?"

"ದುರುಗಣ್ಣ. ಕೋಲು ಅವನಿಗೆ ಕೊಟ್ರು."

ಅವನು ಗೋಡೆಗೆ ಮುಖ ಮಾಡಿದ. "ಬ್ಯಾಡ ಅಂದೆ ನಾನು. ಸಾಯಕ್ಕೆ ಬಿಡಬೇಕಿತ್ತು. ಕಿಲಾರಿಯಾಗೇ ಹೋಗ್ತಿದ್ದೆ."

ಕಾಟಮ್ಮನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ದೇವರಿಗೆ ಒಂದೇ ದಿನದಾಗೆ ಇನ್ನೊಬ್ಬ ಕಿಲಾರಿ ಸಿಕ್ಕ," ಅಂದಳು. "ನನಗೆ ಎಲ್ಲಿ ಸಿಗ್ತಿದ್ದ?"

ಪಾಲಣ್ಣ ನಿಧಾನಕ್ಕೆ ಈ ಕಡೆ ಹೊರಳಿ, ಅವಳು ತಂದಿಟ್ಟಿದ್ದ ಗಂಜಿಯ ಲೋಟದತ್ತ ಕೈ ಚಾಚಿದ.